ಕಡಲತಳದಲ್ಲಿ ಯಾರೂ ಇಲ್ಲ

ಸಮುದ್ರದ ಅಜ್ಞಾತ ಜೀವಿಗಳನ್ನು ಪತ್ತೆಹಚ್ಚಿ, ಅವು ಅಜ್ಞಾತವಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ಅಜ್ಞಾತ ಜಲಚರ ಇಲಾಖೆಯ ಕರ್ತವ್ಯ. ಜೀವಿಯೊಂದಕ್ಕೆ ಹೆಸರಿಟ್ಟ ಕ್ಷಣವೇ ಅದು ಜ್ಞಾತ ಜಲಚರ ಇಲಾಖೆಯ ಪಾಲಾಗುತ್ತದೆ. ಅನುದಾನವೂ ಅದರ ಬೆನ್ನುಹತ್ತಿ ಹೋಗುತ್ತದೆ. ಆದ್ದರಿಂದ ಇಲಾಖೆಯ ಚರಿತ್ರೆಯಲ್ಲಿ ಅಂಥ ಅಚಾತುರ್ಯ ಒಮ್ಮೆಯೂ ನಡೆದಿರಲಿಲ್ಲ.

ನಡೆದದ್ದು ಹೊಸದಾಗಿ ಸೇರಿದ ಸಂಶೋಧಕಿಯಿಂದ. ಆಳಕಡಲಿನಿಂದ ಎತ್ತಿದ ಕೆಸರಿನಲ್ಲಿ ಅವಳಿಗೊಂದು ಜೀವಿ ಸಿಕ್ಕಿತು. ಅಂಗೈಯಗಲ, ಗಾಜಿನಂಥ ಮೈ, ಸುತ್ತಲೂ ರೆಪ್ಪೆಗೂದಲಿನಂಥ ಕಾಲುಗಳು. ಅದನ್ನು ತೊಟ್ಟಿಗೆ ಬಿಟ್ಟು ನೋಡುತ್ತ ಕೂತವಳಿಗೆ ಊಟ ತಿಂಡಿಯ ಪರಿವೆಯೇ ಹೋಯಿತು.

ಅಷ್ಟರಲ್ಲಿ ಅದೇ ಜಾಗದಲ್ಲಿ ಲೋಹ ಅಗೆಯಲು ಕಂಪನಿಯೊಂದು ಅರ್ಜಿ ಹಾಕಿತು. ಜೀವಿಗಳಿರುವಲ್ಲಿ ಅಗೆಯಕೂಡದೆಂದು ಕಾನೂನಿದೆ. ಸಂಶೋಧಕಿ ತೊಟ್ಟಿಯನ್ನು ತಬ್ಬಿಕೊಂಡು ನಿರ್ದೇಶಕರ ಕೋಣೆಗೆ ಓಡಿದಳು.

“ಸಾರ್, ಅಲ್ಲಿ ಇದು ಇದೆ!”

ನಿರ್ದೇಶಕರು ಕನ್ನಡಕ ಏರಿಸಿದರು. “ಹೆಸರೇನಮ್ಮ ಇದರದ್ದು?”

“ಇನ್ನೂ ಇಟ್ಟಿಲ್ಲ.”

“ಹಾಗಾದ್ರೆ ಇದು ಇಲ್ಲ.”

“ಇದೆಯಲ್ಲ ಸಾರ್, ಕಾಲು ಆಡಿಸ್ತಿದೆ.”

“ಆಡಿಸ್ಲಿ ಬಿಡಮ್ಮ, ನಮ್ಮ ಆಕ್ಷೇಪಣೆ ಏನಿಲ್ಲ.”

‘ಸದರಿ ಸ್ಥಳದಲ್ಲಿ ಜೀವಿಗಳಿರುವುದು ಇಲಾಖೆಗೆ ತಿಳಿದಿಲ್ಲ; ತಿಳಿಯದಿರುವುದೇ ಇಲಾಖೆಯ ಕೆಲಸ’ ಎಂದು ಕಂಪನಿಗೆ ಅಂದೇ ಒಪ್ಪಿಗೆ ಹೋಯಿತು.

ಮನೆಯಲ್ಲಿ ಮಗಳ ಸಪ್ಪೆ ಮುಖ ನೋಡಿ ಅಮ್ಮ ಗದರಿದಳು: “ಒಂದು ಹೆಸರಿಡೋಕೆ ಇಷ್ಟು ರಾಮಾಯಣವಾ? ನೀನು ಹುಟ್ಟಿದಾಗ ನಿಮ್ಮಪ್ಪನೂ ಹೀಗೇ ಮೀನಮೇಷ ಎಣಿಸ್ತಿದ್ರು. ಬಾಯಿಗೆ ಬಂದದ್ದನ್ನ ನಾನೇ ಕೂಗಿಬಿಟ್ಟೆ.”

ಸಂಶೋಧಕಿ ಅಮ್ಮನ ಹೆಸರನ್ನೇ ಜೀವಿಗಿಟ್ಟು, ವಿವರಗಳನ್ನು ವಿಜ್ಞಾನ ಪತ್ರಿಕೆಗೆ ಕಳಿಸಿಬಿಟ್ಟಳು. ಅದು ಅಚ್ಚಾಗುವಷ್ಟರಲ್ಲಿ ಕಂಪನಿಯು ಕಡಲತಳವನ್ನು ಗುಡಿಸಿ ಸಾರಿಸಿದಷ್ಟು ಚೊಕ್ಕಟ ಮಾಡಿತ್ತು.

‘ಅನುಮತಿಯಿಲ್ಲದೆ ತಿಳಿದುಕೊಂಡ’ ಆರೋಪದ ಮೇಲೆ ಅವಳಿಗೆ ನೋಟಿಸು ಬಂತು. ಜೀವಿ ಅವಳ ಸಮೇತ ಜ್ಞಾತ ಇಲಾಖೆಗೆ ಹೋಯಿತು. ಅವರು ಪರಿಶೀಲಿಸಿ, ಇದರ ವಾಸಸ್ಥಳವೇ ಉಳಿದಿಲ್ಲವಾದ್ದರಿಂದ ತಮ್ಮ ವ್ಯಾಪ್ತಿಗೆ ಬಾರದೆಂದು, ತೊಟ್ಟಿಯನ್ನೂ ಸಂಶೋಧಕಿಯನ್ನೂ ಒಂದೇ ಆದೇಶದಲ್ಲಿ ನಿರ್ನಾಮ ಜಲಚರ ಇಲಾಖೆಗೆ ಸಾಗಹಾಕಿದರು.

ಅಲ್ಲಿನ ಮುಖ್ಯಸ್ಥೆ ಮೆತ್ತನೆ ಸ್ವಭಾವದವರು. ತೊಟ್ಟಿಯೊಳಗೆ ಇಣುಕಿ, “ಅಯ್ಯೋ ಪಾಪ, ಇದಕ್ಕೆ ಯಾರೂ ವಿಷಯ ತಿಳಿಸಿಲ್ವಾ?” ಎಂದರು.

“ಇದು ಬದುಕಿದೆ ಮೇಡಂ. ಇದೊಂದೇ ಉಳಿದಿರೋದು.”

“ಇರ್ಲಿ ಬಿಡಿ, ನಾವು ಯಾರಿಗೂ ಅವಸರ ಮಾಡಲ್ಲ. ಸಂತಾಪ ಸಭೆ ಮಾತ್ರ ಸೋಮವಾರವೇ ಆಗ್ಬೇಕು.”

ಸೋಮವಾರ ತೊಟ್ಟಿಯನ್ನು ವೇದಿಕೆಯ ಮಧ್ಯೆ ಇಟ್ಟರು. ಹೂಗಳ ಖರ್ಚು ಕಂಪನಿಯದು. ತಮ್ಮ ಇಲಾಖೆಯಲ್ಲಿ ಇದ್ದಷ್ಟು ಕಾಲ ಅದಕ್ಕೆ ಏನೂ ಆಗಿರಲಿಲ್ಲವೆಂದು ನೆನೆದು ನಿರ್ದೇಶಕರು ಗದ್ಗದಿತರಾದರು. ಮೊದಲ ಸಾಲಿನಲ್ಲಿ ಕೂತಿದ್ದ ಅಮ್ಮ, ವೇದಿಕೆಯ ಫಲಕದಲ್ಲಿ ‘ನಮ್ಮನ್ನಗಲಿದ’ ಎಂಬುದರ ಕೆಳಗೆ ದಪ್ಪಕ್ಷರದಲ್ಲಿ ತನ್ನ ಹೆಸರು ಕಂಡು, ಪಕ್ಕದವರಿಗೂ ತೋರಿಸಿದಳು.

ಸಂಶೋಧಕಿಯ ಸರದಿ ಬಂತು. ಎಲ್ಲರ ನೀರಿಳಿಸಬೇಕೆಂದೇ ಬಂದಿದ್ದವಳು ಸಭೆಯನ್ನೊಮ್ಮೆ ನೋಡಿದಳು. ಎಲ್ಲರ ಕಣ್ಣುಗಳೂ ನಿಜವಾಗಿಯೇ ಒದ್ದೆಯಾಗಿದ್ದವು. ‘ಇದೆ’ ಎನ್ನಲು ತೆರೆದ ಬಾಯಿಂದ, “ತುಂಬ ಚೆನ್ನಾಗಿತ್ತು” ಎಂಬ ಮಾತು ಬಂತು. ಚಪ್ಪಾಳೆಯೋ ಚಪ್ಪಾಳೆ.

ಕೊನೆಗೆ ಸತ್ತವರ ಕಡೆಯವರಿಗೆ ಸಾಂತ್ವನ ಹೇಳುವ ಕಾರ್ಯಕ್ರಮ. ಸಂಬಂಧಿಕರೆಂದು ಬೇರಾರೂ ಇಲ್ಲದ್ದರಿಂದ ಎಲ್ಲರೂ ಸಾಲಾಗಿ ತೊಟ್ಟಿಯ ಬಳಿ ಹೋಗಿ, ಬಗ್ಗಿ, ಅದಕ್ಕೇ ಧೈರ್ಯ ಹೇಳಿ ಬಂದರು. ಸಂಶೋಧಕಿಯೂ ಸಾಲಿನಲ್ಲಿದ್ದಳು.