ಒಂಬತ್ತು ಸೆಕೆಂಡಿನ ಹಸಿರು

ರಾತ್ರಿ ಒಂದೂವರೆಗೆ ದಿಂಬಿನ ಕೆಳಗಿದ್ದ ಫೋನು ‘ಟಿಣ್’ ಎಂದಿತು. ಅಜ್ಜಿಯ ಮನೆಯಲ್ಲಿರುವ ಮಗಳ ಸುದ್ದಿಯೇನೋ ಎಂದು ಅವಳು ಧಡಕ್ಕನೆ ಎದ್ದಳು. ಅಲ್ಲ. ಆಫೀಸಿನಲ್ಲಿ ಕೋಡನ್ನೆಲ್ಲ ಜೋಡಿಸಿ ಪರೀಕ್ಷಿಸುವ ಬಿಲ್ಡ್ ಕೆಟ್ಟು ಕೆಂಪಾಗಿತ್ತು.

ಮಗಳನ್ನು ನೋಡಿ ಏಳು ವಾರ. ಮುಂದಿನ ಹಲ್ಲು ಅಲ್ಲಾಡುತ್ತಿದ್ದರೂ ಆ ಆರು ವರ್ಷದವಳು ‘ಅಮ್ಮ ಬಂದ್ಮೇಲೇ ಕೀಳ್ಸೋದು’ ಎಂದು ನಾಲಿಗೆಯಲ್ಲಿ ಒತ್ತಿ ಹಿಡಿದು ಕಾಯುತ್ತಿದ್ದಳು. ಆ ಊರಿಗೆ ವಾರಕ್ಕೊಂದೇ ರೈಲು. ಇವತ್ತು ಸಂಜೆ ಐದೂವರೆಗೆ.

“ಹಸಿರಾದ್ರೆ ಹೊರಡೀಮ್ಮ, ನಾನ್ಯಾಕೆ ಬೇಡ ಅನ್ಲಿ?” ಎಂದರು ಬೆಳಿಗ್ಗೆ ಆಫೀಸಿನಲ್ಲಿ ಮ್ಯಾನೇಜರು.

ಆಸ್ಪತ್ರೆಗಳಿಗಾಗಿ ಬರೆದ ಜಾವಾ ತಂತ್ರಾಂಶ ಅದು. ಮಾಡ್ಯೂಲು ಎಂದು ಕರೆಯುವ ಅದರ ಐದು ಭಾಗಗಳಲ್ಲೂ ಪರೀಕ್ಷೆಗೆಂದು ಒಬ್ಬನೇ ಸುಳ್ಳು ರೋಗಿಯ ಒಂದೊಂದು ನಕಲಿತ್ತು. ಒಬ್ಬೊಬ್ಬರು ಒಂದೊಂದು ಕಡೆ ತಿದ್ದಿ ತಿದ್ದಿ, ಆ ಪುಣ್ಯಾತ್ಮ ಔಷಧದ ಮಾಡ್ಯೂಲಿನಲ್ಲಿ ಏಳು ವರ್ಷದ ಹುಡುಗ, ಹಾಸಿಗೆಯ ಮಾಡ್ಯೂಲಿನಲ್ಲಿ ಅವಳಿ ಹೆತ್ತ ಬಾಣಂತಿ! ಈ ಗೊಂದಲವೇ ಬಿಲ್ಡನ್ನು ಕೆಡವಿತ್ತು.

ಅವಳು ಐದೂ ನಕಲು ಅಳಿಸಿ, ಒಬ್ಬನೇ ರೋಗಿಯನ್ನು ಎಲ್ಲರಿಗೂ ಸೇರಿದ ಹೊಸ ಮಾಡ್ಯೂಲಿನ ಪರೀಕ್ಷಾ ಫೋಲ್ಡರಿನಲ್ಲಿಟ್ಟಳು. ಹಳೆಯ ಐದೂ ಮಾಡ್ಯೂಲುಗಳು ‘ರೋಗಿ ಕಾಣ್ತಿಲ್ಲ’ ಎಂದು ಸಂತೆಯಲ್ಲಿ ಮಗು ಕಳೆದುಕೊಂಡವರಂತೆ ಬೊಬ್ಬೆಯಿಟ್ಟವು.

“ಪರೀಕ್ಷೆ ಫೋಲ್ಡರು ಅಡುಗೆಮನೆ ಇದ್ದಂಗೆ ಅಕ್ಕ, ಪಕ್ಕದ್ಮನೆಗೆ ಕಾಣಲ್ಲ,” ಎಂದ ಪಕ್ಕದ ಮೇಜಿನವನು. ಕೇಳದೆ ಸಲಹೆ ಕೊಡುವ ಅವನನ್ನು ಎಲ್ಲರೂ ಉಚಿತಪ್ಪ ಎನ್ನುತ್ತಿದ್ದರು. “ಪಡಸಾಲೆಗೆ ತನ್ನಿ, ಅಸಲಿ ಕೋಡಿನ ಫೋಲ್ಡರಿಗೆ. ರೋಗಿ ಜೊತೆ ಪರೀಕ್ಷೆಗಳ್ನೂ ಎತ್ತಾಕ್ಬಿಡಿ, ತಲೆನೋವೇ ಇರಲ್ಲ.”

ಆಗಲೇ ನಾಲ್ಕೂವರೆ. ಎರಡು ಸಲ ಓದದೆ ಒಂದು ಸಾಲನ್ನೂ ಬರೆಯದ ಅವಳು ಕಣ್ಣು ಮುಚ್ಚಿ ಎತ್ತಿಹಾಕಿದಳು. ಹಸಿರು! ನಲವತ್ತು ನಿಮಿಷ ಹಿಡಿಯುತ್ತಿದ್ದ ಬಿಲ್ಡ್ ಒಂಬತ್ತೇ ಸೆಕೆಂಡಿನಲ್ಲಿ ಮುಗಿದಿತ್ತು. ಮ್ಯಾನೇಜರು ಚಪ್ಪಾಳೆ ತಟ್ಟಿ ಕಳಿಸಿಕೊಟ್ಟರು.

ರೈಲಿನ ಕಿಟಕಿಯ ಪಕ್ಕ ಕೂತ ಮೇಲೆ ಆ ಒಂಬತ್ತು ಸೆಕೆಂಡು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚತೊಡಗಿತು. ಫೋನಿನಲ್ಲಿ ವರದಿ ತೆರೆದಳು. ನಡೆದ ಪರೀಕ್ಷೆಗಳು: ಸೊನ್ನೆ. ಪಡಸಾಲೆಗೆ ತಂದ ಪರೀಕ್ಷೆಗಳನ್ನು ಬಿಲ್ಡ್ ನಡೆಸಿರಲೇ ಇಲ್ಲ. ಸಾಮಾನಿನಂತೆ ಸುಮ್ಮನೆ ಕಟ್ಟಿಟ್ಟಿತ್ತು. ನಾಳೆ ಇದು ಆಸ್ಪತ್ರೆಗೆ ಹೋಗಿ, ಯಾರದೋ ಮಗುವಿಗೆ ದೊಡ್ಡವರ ಮಾತ್ರೆ ಬರೆದರೆ?

ರೈಲು ಅಲುಗಿತು. ಅವಳು ಇಳಿದುಬಿಟ್ಟಳು.

ಖಾಲಿ ಆಫೀಸಿನಲ್ಲಿ, ಎಲ್ಲರೂ ಒಂದೇ ಲಾಗಿನ್ನಿನಲ್ಲಿ ಬಳಸುವ ಬಿಲ್ಡ್ ಯಂತ್ರದ ಮುಂದೆ ಕೂತು, ರೋಗಿಯನ್ನು ಪಡಸಾಲೆಯಲ್ಲೇ ಬಿಟ್ಟು ಪರೀಕ್ಷೆಗಳನ್ನು ಅವುಗಳ ಮನೆಗೆ ಮರಳಿಸಿದಳು. ಎಲ್ಲರೂ ಮನೆಗೆ ಹೋಗಿದ್ದರು, ಪರೀಕ್ಷೆಗಳೂ. ನಲವತ್ತು ನಿಮಿಷ ಉಗುರು ಕಚ್ಚುತ್ತ ಕಾದಳು. ಒಂದು ಪರೀಕ್ಷೆಯೂ ಬೀಳಲಿಲ್ಲ. ಆಗಲೂ ಹಸಿರು, ಈಗಲೂ ಹಸಿರು.

ಟಿಣ್. ಅವಳಮ್ಮನ ಸಂದೇಶ: “ಹಲ್ಲು ತಾನೇ ಬಿತ್ತು ಕಣೇ. ಅಮ್ಮಂಗೆ ತೋರಿಸ್ಬೇಕು ಅಂತ ಮುಷ್ಟೀಲಿ ಹಿಡ್ಕೊಂಡೇ ಮಲಗಿದಾಳೆ.”

ಅಕ್ಷರಗಳು ಮಂಜಾದವು. ಮತ್ತೆ ಟಿಣ್. ಮ್ಯಾನೇಜರು: “ನೀವು ಅತ್ಲಾಗೆ ಹೋಗಿದ್ದೇ ತಡ, ಯಾರೋ ಬಿಲ್ಡ್ ಕೆಡಿಸಿದಾರಮ್ಮ! ಒಂಬತ್ತು ಸೆಕೆಂಡಿದ್ದದ್ದು ಮತ್ತೆ ನಲವತ್ತು ನಿಮಿಷ! ಬಂದ ತಕ್ಷಣ ಆ ಪಾಪಿ ಯಾರು ಅಂತ ಪತ್ತೆ ಮಾಡಿ.”

‘ಆಗಲಿ ಸರ್’ ಎಂದು ಬರೆದು ಅವಳು ದೀಪ ಆರಿಸಿದಳು. ಆ ಪಾಪಿ ಯಾರೆಂದು ಮಾತ್ರ, ಇಳಿದ ರೈಲಿನಾಣೆ, ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದಳು.