ಚಿಗವ್ವನ ಅವರೆ ಬಳ್ಳಿ

ನಮ್ಮ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಮಗ ಒಬ್ಬನೇ, ನಿಜ. ಆದರೆ ಪ್ರತಿ ವರ್ಷ ಜೂನಿನ ಮಿರಗದ ಮಳೆಗೆ ಹುಟ್ಟುವ ಅವರೆ ಬಳ್ಳಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವಳು ನನ್ನನ್ನು ಮನೆಯೊಳಗೆ ಬಿಟ್ಟುಕೊಂಡಾಳೆಯೇ? ನವನಗರದ ಅವಳ ಮನೆಯ ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಅಷ್ಟರಲ್ಲೇ ಒಂದು ಚಪ್ಪರ, ಚಪ್ಪರದ ತುಂಬ ನೇರಳೆ ಹೂವು. ಅದರ ಕೆಳಗೆ ಕುಳಿತರೆ ಭಾನುವಾರ ಎಲ್ಲಿ ಕಳೆದುಹೋಯಿತೆಂದೇ ತಿಳಿಯುವುದಿಲ್ಲ. ಜೇನುಹುಳ ಗುಂಯ್‌ಗುಡುತ್ತಿರುತ್ತದೆ, ಎಲೆಗಳ ನೆರಳು ಸೀರೆಯ ಮೇಲೆ ಅಲುಗುತ್ತಿರುತ್ತದೆ, ಚಿಗವ್ವ ಮೆಲ್ಲಗೆ ಬಳ್ಳಿಯ ಜೊತೆ ಮಾತಾಡುತ್ತಿರುತ್ತಾಳೆ. ಅರ್ಧ ನಿದ್ದೆಯಲ್ಲಿ ನಾನು ಹೂಂಗುಟ್ಟುತ್ತೇನೆ. "ನಿನಗಲ್ಲ ಅಂದದ್ದು!" ಎಂದು ಬೈಸಿಕೊಳ್ಳುತ್ತೇನೆ.

ಬೀಜ ಸುಳ್ಳ ಊರಿನ ನಮ್ಮ ಅಜ್ಜಿಯದು. ಕರಿ ಕಾಳು, ಅಂಚಿಗೊಂದು ಬಿಳಿ ಗೆರೆ. ಅಂಗಡಿಯಲ್ಲಿ ಇಂಥದ್ದು ಸಿಗುವುದಿಲ್ಲ. ವರ್ಷವಿಡೀ ಬೂದಿ ತುಂಬಿದ ಗಡಿಗೆಯಲ್ಲಿ ಮಲಗಿರುವ ಕಾಳನ್ನು ಬಿತ್ತುವ ಮೊದಲು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರುವ ತನಕ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕು. ಮೈಯ ಕಾವು ಬೇಕಂತೆ! ಒಮ್ಮೆ ಸರಿಯಾಗಿ ಅದೇ ಹೊತ್ತಿಗೆ ಗರಗದಲ್ಲೊಂದು ಮದುವೆ ಬಂತು. ಚಿಗವ್ವ ಗಂಟಿನ ಸಮೇತ ಬಸ್ಸು ಹತ್ತಿದಳು. ಅಲ್ಲಿ ಹೆಂಗಸರು ಉಡಿ ತುಂಬಲು ಬಂದರೆ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಸಾವಕಾಶ ರೀ, ಒಳಗ ಕೂಸುಗೋಳು ಮಲಗ್ಯಾವು!" ಎಂದಳಂತೆ. ಅರವತ್ತೆರಡು ವರ್ಷದವಳ ಬಾಯಲ್ಲಿ ಈ ಮಾತು! ಬೀಗರು ಇಂದಿಗೂ ಆ ಸುದ್ದಿ ಮರೆತಿಲ್ಲ.

ಬೀಜ ಕೊಡುವುದಕ್ಕೂ ಅವಳದೊಂದು ಕಟ್ಟಳೆ ಇದೆ. ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ, ಕೇಳದವರಿಗೆ ಕೊಡುವುದಿಲ್ಲ. ಕೇಳದೆ ಕೊಟ್ಟ ಕಾಳು ಮೊಳೆಯುವುದಿಲ್ಲವೆಂದು ಅಜ್ಜಿ ಹೇಳಿದ್ದಳಂತೆ. ಹಾಲಿನವನು ಒಂದು ದಿನ ಸುಮ್ಮನೆ ಚಪ್ಪರದತ್ತ ನೋಡಿದ, ಅಷ್ಟೇ.

"ಬೀಜ ಬೇಕನೋ ತಮ್ಮಾ?"

"ಇಲ್ರೀ ಅಕ್ಕಾರ, ಹೂ ಛಲೋ ಅದಾವು ಅಂತ ನೋಡಿದೆ."

"ನೋಡಿದ್ರ ಆಗಂಗಿಲ್ಲ. ಬಾಯಿ ಬಿಟ್ಟು ಕೇಳು!"

ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿರುವ ಆ ಪುಣ್ಯಾತ್ಮ ಬಾಯಿ ಬಿಟ್ಟು ಕೇಳಿ, ಐದು ಕಾಳು ಜೇಬಿಗೆ ಹಾಕಿಕೊಂಡು ಪಾರಾದ.

ಇಷ್ಟು ಉದಾರಿಯ ಬೀಜ ಸಿಗದ ಮನೆ ಒಂದೇ ಒಂದು. ಅದು ಗೋಡೆಯಾಚೆಯ ನಮ್ಮ ದೊಡ್ಡವ್ವನ ಮನೆ, ಅಂದರೆ ಚಿಗವ್ವನ ಸ್ವಂತ ಅಕ್ಕನದು! ಅಜ್ಜಿ ತೀರಿಕೊಂಡಾಗ ಅವಳ ಬೀಸುಕಲ್ಲಿಗಾಗಿ ಇಬ್ಬರೂ ಜಗಳವಾಡಿ, ಮೇಲಿನ ಕಲ್ಲು ಒಬ್ಬಳು, ಕೆಳಗಿನ ಕಲ್ಲು ಇನ್ನೊಬ್ಬಳು ಒಯ್ದರು. ಅಂದಿನಿಂದ ಹಿಟ್ಟೂ ಇಲ್ಲ, ಮಾತೂ ಇಲ್ಲ; ನಾಲ್ಕು ವರ್ಷವಾಯಿತು. ಅವರೆ ಬೀಜವನ್ನೂ ಆಗಲೇ ಹಿಡಿ ಹಿಡಿ ಹಂಚಿಕೊಂಡಿದ್ದರು. ದೊಡ್ಡವ್ವನ ಪಾಲಿನ ಅಷ್ಟೂ ಕಾಳನ್ನು ಹೋದ ವರ್ಷ ಹೊಸ ಸೊಸೆ ಬೂದಿ ತೊಳೆದು ಉಸುಳಿ ಮಾಡಿಬಿಟ್ಟಳು. ದೊಡ್ಡವ್ವ ಎರಡು ಸಲ ಹಾಕಿಸಿಕೊಂಡು, "ಕಾಳು ಬೆಣ್ಣಿಹಂಗ ಬೆಂದಾವ ನೋಡವ್ವಾ" ಎಂದು ಹೊಗಳಿ, ಕೈ ತೊಳೆದ ಮೇಲೆ ಗಡಿಗೆ ಬರಿದಾದ ಸಂಗತಿ ಗೊತ್ತಾಯಿತು. ಆ ದಿನವೆಲ್ಲ ಅವಳು ಆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳಂತೆ.

ಈಗ ನೋಡಿ ಪೇಚು! ಅಕ್ಕ ಕೇಳಬೇಕು, ಕೇಳುವುದಿಲ್ಲ. ತಂಗಿ ಕೊಡಬೇಕು, ಕೇಳದೆ ಕೊಡುವುದಿಲ್ಲ.

"ಒಂದು ಹಿಡಿ ಕೊಟ್ಟು ಬಾ ಚಿಗವ್ವಾ, ಏನಾಗ್ತೈತಿ?" ಎಂದೆ.

"ಮೊಳಿಯಲಿಲ್ಲಂದ್ರ? ಅವ್ವನ ಕಾಳು ಸುಮ್ಮನ ಮಣ್ಣುಪಾಲು ಮಾಡ್ಲೇನು?"

ಇಂಥವಳಿಗೆ ಏನು ಹೇಳೋಣ ಹೇಳಿ! ನನಗಂತೂ ಸಂಕಟವಾಗುತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು, ಇಬ್ಬರಿಗೂ ವಯಸ್ಸಾಗುತ್ತಿದೆ.

ದಸರೆಯ ರಜೆಯಲ್ಲಿ ಚಿಗವ್ವನ ಮನೆಯಲ್ಲೇ ಉಳಿದಿದ್ದೆ. ಒಂದು ಬೆಳಿಗ್ಗೆ, ಎಲೆಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ, ಹಿತ್ತಲಿಗೆ ಬಂದರೆ ಚಿಗವ್ವ ಸ್ಟೂಲಿನ ಮೇಲೆ ನಿಂತಿದ್ದಾಳೆ. ಎಲ್ಲಕ್ಕಿಂತ ಉದ್ದನೆಯ ಕುಡಿಯೊಂದನ್ನು ಮೆಲ್ಲಗೆ ಬಿಡಿಸಿ ಗೋಡೆಯಾಚೆಗೆ ಇಳಿಬಿಡುತ್ತಿದ್ದಾಳೆ.

"ಏನ್ ಮಾಡಾಕತ್ತೀ ಚಿಗವ್ವಾ?"

"ನಾ ಏನೂ ಮಾಡಾಕತ್ತಿಲ್ಲ. ಆಕಿ ಕೇಳಿಲ್ಲ, ನಾ ಕೊಟ್ಟಿಲ್ಲ. ಬಳ್ಳಿ ತಾನ ಹೊಂಟೈತಿ. ಆ ಕಡಿ ಬಿಟ್ಟ ಕಾಯಿ ಆ ಕಡೀನ ಒಣಗಿ ಬೀಜ ಆಗ್ತಾವು."

ಅಷ್ಟರಲ್ಲಿ ಕುಡಿ ಬಿಗಿಯಾಯಿತು. ಆಚೆ ಯಾರೋ ಹಿಡಿದಿದ್ದರು. ನಾನು ತುದಿಗಾಲಲ್ಲಿ ನಿಂತು ಇಣುಕಿದೆ. ದೊಡ್ಡವ್ವ! ಗೋಡೆಯಿಂದ ಪೇರಲ ಗಿಡದ ತನಕ ಹೊಸ ಸುತಳಿ ಎಳೆದು ಕಟ್ಟಿ, ಬಳ್ಳಿಯ ತುದಿಯನ್ನು ಅದಕ್ಕೆ ಸುತ್ತುತ್ತಿದ್ದಳು.

"ಜ್ವಾಕಿ, ತುದಿ ಮುರದೀತು," ಎಂದಳು ಚಿಗವ್ವ, ಗೋಡೆಯನ್ನೇ ನೋಡುತ್ತ.

ಆಚೆಯಿಂದ ದನಿ ಬಂತು. "ನನಗೇನು ಹೇಳ್ತೀ? ನಿನಗ ಬಳ್ಳಿ ಕಟ್ಟೂದು ಕಲಿಸಿದಾಕಿ ನಾನ."

ಚಿಗವ್ವ ಸ್ಟೂಲಿನ ಮೇಲೆ ನಿಂತಲ್ಲೇ ಸಣ್ಣ ಹುಡುಗಿಯಂತೆ ಬಿಕ್ಕಿಬಿಕ್ಕಿ ಅತ್ತಳು. ಕುಡಿಯನ್ನು ಮಾತ್ರ ಬಿಡಲಿಲ್ಲ.