ಹಗುರ ಟೈಪ್‌ರೈಟರಿನ ಖಾನಾಪುರ ಪ್ರವಾಸ

ನಮ್ಮ ಕಂಪನಿಯ ತಿರುಗಾಟದ ಪ್ರತಿನಿಧಿಗಳಲ್ಲಿ ಇಂಗ್ಲಿಷ್ ಟೈಪಿಂಗ್ ಜೂನಿಯರ್ ಪರೀಕ್ಷೆ ಪಾಸಾದವನು ನಾನೊಬ್ಬನೇ. ಇದನ್ನು ಬೇರೆಯವರು ಹೇಳಲಿ ಎಂದು ಕಾದವನಲ್ಲ ನಾನು. ವಾರಕ್ಕೆ ಎರಡು ಸಲ ನಾನೇ ಹೇಳುತ್ತಿದ್ದೆ. ಪಾಸಾದ ಮೇಲೆ ಹನ್ನೊಂದು ವರ್ಷ ಯಂತ್ರವನ್ನೇ ಮುಟ್ಟಿಲ್ಲ ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಹೇಳುವುದು ನನ್ನ ಸ್ವಭಾವವಲ್ಲ!

ಎಪ್ಪತ್ತರ ದಶಕ ಮುಗಿಯುವ ಹೊತ್ತಿನ ಮಾತು. ಬೆಳಗಾವಿಯ ನಮ್ಮ ಕಂಪನಿ ಅಕ್ಕಿ ಗಿರಣಿಗಳಿಗೆ ಬೇಕಾದ ರೋಲರು, ಬೆಲ್ಟು, ಪುಲ್ಲಿಗಳನ್ನು ಮಾರುತ್ತಿತ್ತು. ನಾವು ನಾಲ್ವರು ಊರೂರು ತಿರುಗಿ ಆರ್ಡರು ತರುತ್ತಿದ್ದೆವು. ಗಿರಾಕಿ ದರಪಟ್ಟಿ ಕೇಳಿದರೆ ಬೆಳಗಾವಿಗೆ ಮರಳಿ, ಟೈಪ್ ಮಾಡಿಸಿ, ಅಂಚೆಗೆ ಹಾಕುವಷ್ಟರಲ್ಲಿ ಆತ ಹುಬ್ಬಳ್ಳಿಯ ಇನ್ನೊಂದು ಕಂಪನಿಯವರ ಕಡೆ ವಾಲಿರುತ್ತಿದ್ದ. ಹೀಗಿರುವಾಗ ಒಂದು ಸೋಮವಾರ ಮಾಲಕರು ನನ್ನನ್ನು ಕರೆದರು. ಮೇಜಿನ ಮೇಲೆ ಆಕಾಶ ಬಣ್ಣದ, ಹಿಡಿಕೆಯಿದ್ದ ಒಂದು ಪೆಟ್ಟಿಗೆ ಇತ್ತು.

"ಬಸವಂತಪ್ಪ, ಇದು ಕೈಯಾಗ ಹಿಡ್ಕೊಂಡು ತಿರಗೂ ಟೈಪ್‌ರೈಟರ್. ರೇಟೂ ಕಡಿಮಿ, ವಜನಾನೂ ಕಡಿಮಿ ಅಂತಾರ ಅಂಗಡಿಯವ್ರು. ಒಂದ ವಾರ ಪರೀಕ್ಷಾ ಮಾಡಾಕ ಕೊಟ್ಟಾರ. ಚೊಲೊ ಇದ್ರ ನಾಕ ತಗೊಳ್ಳೂಣು. ನಾಳೆ ಖಾನಾಪುರಕ್ಕ ಹೊಂಟೀರಲ್ಲ, ಒಯ್ದು ನೋಡ್ರಿ. ಆಮ್ಯಾಲೆ ಒಂದು ವರದಿ ಕೊಡ್ರಿ."

"ವಾರ ಯಾಕ್ರಿ ಸಾಹೇಬ್ರ? ನನಗ ಒಂದ ದಿನ ಸಾಕು!" ಎಂದೆ.

ವಡಗಾವಿ ಬಡಾವಣೆಯ ನಮ್ಮ ಮನೆಗೆ ಬಂದಾಗ ಹೆಂಡತಿ ನೀಲಾ ಪೆಟ್ಟಿಗೆ ನೋಡಿ, "ಏನ್ರಿ ಇದು, ಹಾರ್ಮೋನಿಯಂ ತಂದೀರೇನು?" ಎಂದಳು.

"ಟೈಪ್‌ರೈಟರ್! ಕಿರಿಬಳ್ಳಿಂದ ಎತ್ತತೇನಿ, ನೋಡು."

ಎತ್ತಿದೆ. ಕಿರುಬೆರಳು ಉದ್ದವಾದಂತೆ ಅನಿಸಿ, ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಬಳ್ಳ ಯಾಕ ಕೆಂಪಾತ್ರಿ?"

"ಅದು ಮೊದಲಿಂದಾನೂ ಹಂಗ ಐತಿ."

"ಹೋಗೂದಕ್ಕಿಂತ ಮದ್ಲ ನಾಕ ಅಕ್ಷರ ಹೊಡದಾದ್ರೂ ನೋಡ್ರಿ."

"ಪಾಸಾದಾಂವ ಮತ್ತ ಯಾಕ ಪರೀಕ್ಷಾ ಬರೀಬೇಕು?" ಎಂದು ಹೇಳಿ ಊಟಕ್ಕೆ ಕುಳಿತೆ.

ಮರುದಿನ ಬೆಳಿಗ್ಗೆ ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪ್ರಯಾಣದಲ್ಲಿ ತೊಡೆಯ ಮೇಲಿಟ್ಟುಕೊಂಡು ಟೈಪ್ ಮಾಡಬಹುದೇ ಎಂಬುದು ವರದಿಯ ಮೊದಲ ಅಂಶವಾಗಬೇಕೆಂದು ನಾನು ಗಂಭೀರವಾಗಿ ನಿರ್ಧರಿಸಿದ್ದೆ. ಪೆಟ್ಟಿಗೆ ತೆರೆದೆ, ಹಾಳೆ ಸಿಕ್ಕಿಸಿದೆ, ಆರಂಭಿಸಿದೆ. ಹಾಳೆ ಹೊತ್ತ ಉರುಳೆಯನ್ನು ಸಾಲು ಮುಗಿದಾಗಲೆಲ್ಲ ಬಲಗಡೆಗೆ ತಳ್ಳಬೇಕಷ್ಟೆ. ತಳ್ಳಿದಾಗಲೆಲ್ಲ ಅದು ಪಕ್ಕದಲ್ಲಿದ್ದ ರುಮಾಲಿನ ಅಜ್ಜನ ಪಕ್ಕೆಲುಬಿಗೆ ಹೋಗಿ ಬಡಿಯುತ್ತಿತ್ತು.

"ತಮ್ಮಾ, ಇದು ಇನ್ನ ಎಷ್ಟ ಸಲ ತಿವೀತೈತಿ?" ಎಂದು ಅಜ್ಜ ಕೇಳಿದ.

"ಒಂದ ಹಾಳಿ ಅಷ್ಟ, ಅಜ್ಜಾ."

ಅಜ್ಜ ಎದ್ದು ನಿಂತುಕೊಂಡ. ಅದು ನನ್ನ ಕೆಲಸಕ್ಕೆ ತೋರಿಸಿದ ಗೌರವ ಎಂದುಕೊಂಡೆ.

ತಿವಿತಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಸಾಲು ಮುಗಿಯುತ್ತ ಬಂದಾಗ ಯಂತ್ರ 'ಟಿಣ್' ಎಂದು ಗಂಟೆ ಹೊಡೆಯುತ್ತಿತ್ತು. ಆಗಿನ ಬಸ್ಸುಗಳಲ್ಲಿ ಕಂಡಕ್ಟರ್ ಹಗ್ಗ ಜಗ್ಗಿ ಗಂಟೆ ಬಾರಿಸುತ್ತಿದ್ದ: ಒಂದು ಟಿಣ್ ಎಂದರೆ ನಿಲ್ಲಿಸು, ಎರಡು ಎಂದರೆ ಹೊರಡು. ನನ್ನ ಮೊದಲ ಸಾಲಿಗೆ ಬಸ್ಸು ಭತ್ತದ ಗದ್ದೆಯ ಪಕ್ಕದಲ್ಲಿ ಗಕ್ಕನೆ ನಿಂತಿತು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಎರಡನೇ ಸಾಲಿಗೆ ಸೇತುವೆಯ ನಡುವೆ ನಿಂತಿತು.

"ಯಾಕ ನಿಲ್ಲಸ್ತೀಯೋ ಮಾರಾಯಾ?" ಎಂದು ಕಂಡಕ್ಟರ್ ಕೂಗಿದ.

"ನೀನ ಗಂಟಿ ಹೊಡಿಯಾಕತ್ತಿ, ನನ್ನ ಕೇಳ್ತಿ?" ಎಂದು ಡ್ರೈವರ್ ತಿರುಗಿ ಕೂಗಿದ.

ಇಬ್ಬರ ಜಗಳ ಜೋರಾಯಿತು. ಸಾರ್ವಜನಿಕ ಜಗಳದಲ್ಲಿ ತಲೆ ಹಾಕಬಾರದೆಂದು ನಾನು ತಲೆ ಎತ್ತದೆ ಟೈಪ್ ಮಾಡುತ್ತಲೇ ಇದ್ದೆ. ಗಣೇಬೈಲು ಹಳ್ಳಿಯ ಸ್ಟಾಪಿನಲ್ಲಿ ಬಸ್ಸು ಸರಿಯಾಗಿಯೇ ನಿಂತಿತು. ಯಾರದೋ ಅಕ್ಕಿ ಚೀಲವನ್ನು ಮೇಲಕ್ಕೆ ಹಾಕಿಸಲು ಕಂಡಕ್ಟರ್ ಕೆಳಗಿಳಿದ. ನಿಂತ ಬಸ್ಸಿನಲ್ಲಿ ನನ್ನ ಬೆರಳುಗಳಿಗೆ ಹುರುಪು ಬಂತು. ಸರಸರನೆ ಎರಡು ಸಾಲು ಮುಗಿಸಿದೆ.

ಟಿಣ್. ಟಿಣ್.

ಬಸ್ಸು ಹೊರಟಿತು!

ಕಂಡಕ್ಟರ್ ಚೀಲ ಬಿಟ್ಟು ಓಡಿಬಂದ. ಹಿಂದಿನ ಸೀಟಿನವರು ಕೂಗಿದರು. ಅರ್ಧ ಫರ್ಲಾಂಗು ಹೋದ ಮೇಲೆ ಬಸ್ಸು ನಿಂತಿತು. ಕಂಡಕ್ಟರ್ ಏದುಸಿರು ಬಿಡುತ್ತ ಒಳಗೆ ಬಂದಾಗ ಬಸ್ಸಿನವರೆಲ್ಲ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಎಲ್ಲರಿಗಿಂತ ಉದ್ದಕ್ಕೆ ತೋರಿಸಿದವನು ರುಮಾಲಿನ ಅಜ್ಜ.

"ಇಳೀರಿ," ಎಂದ ಕಂಡಕ್ಟರ್.

"ನಾ ಒಂದು ಪರೀಕ್ಷಾ ಮಾಡಾಕತ್ತೇನ್ರಿ..."

"ಕೆಳಗ ಮಾಡ್ರಿ. ಜಾಗಾ ಭಾಳ ಐತಿ."

ಖಾನಾಪುರ ಇನ್ನೂ ನಾಲ್ಕೈದು ಮೈಲಿ ಇತ್ತು. ಆದರೂ ಧೈರ್ಯಗೆಡಲಿಲ್ಲ, ಯಂತ್ರದ ಹಗುರತನವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ? ಮೊದಲ ಮೈಲಿಯಲ್ಲಿ ಅದು ಟೈಪ್‌ರೈಟರ್ ಆಗಿತ್ತು. ಎರಡನೇ ಮೈಲಿಯಲ್ಲಿ ಬೀಸುವ ಕಲ್ಲಾಯಿತು. ಮೂರನೇ ಮೈಲಿಗೆ ಟವೆಲನ್ನು ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡೆ. ಕಟ್ಟಿಗೆ ಹೊರೆ ಹೊತ್ತ ಇಬ್ಬರು ಹೆಂಗಸರು ಮಾತಾಡುತ್ತ, ನಗುತ್ತ, ನನ್ನನ್ನು ದಾಟಿ ಮುಂದೆ ಹೋದರು.

ಅಣ್ಣಾಸಾಹೇಬರ ಅಕ್ಕಿ ಗಿರಣಿ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅವರು ಮನೆಯಲ್ಲಿ ಮರಾಠಿ, ಗಿರಣಿಯಲ್ಲಿ ಕನ್ನಡ ಮಾತಾಡುವ ದೊಡ್ಡ ಗಿರಾಕಿ. ಅವರ ಆರ್ಡರು ಸಿಕ್ಕರೆ ನಮ್ಮ ಕಂಪನಿಗೆ ಆ ವರ್ಷ ಸುಗ್ಗಿ.

"ಬರ್ರಿ, ಕುಂದರ್ರಿ. ಆರು ರೋಲರ್ ಬೇಕಾಗ್ಯಾವ. ಹುಬ್ಬಳ್ಳಿಯವ್ರು ನಾಳೆ ಬರಾವ್ರದಾರ. ನಿಮ್ಮ ದರಪಟ್ಟಿ ಯಾವಾಗ ಕಳಸ್ತೀರಿ?"

ಇಂಥ ಗಳಿಗೆಗೇ ನಾನು ಅಷ್ಟು ದೂರ ನಡೆದದ್ದು. "ಈಗ! ನಿಮ್ಮ ಕಣ್ಣ ಮುಂದ!" ಎಂದು ಪೆಟ್ಟಿಗೆಯನ್ನು ಅವರ ಮೇಜಿನ ಮೇಲೆ ತೆರೆದೆ.

ಗಿರಣಿ ನಡೆಯುತ್ತಿತ್ತು. ಮೇಜು ಗಡಗಡ ನಡುಗುತ್ತಿತ್ತು. ಯಂತ್ರ ನಿಜಕ್ಕೂ ಹಗುರ ಎಂಬುದು ಆಗ ಸಾಬೀತಾಯಿತು: ಒಂದು ಅಕ್ಷರ ಹೊಡೆದರೆ ಅದು ಒಂದು ಬೆರಳಿನಷ್ಟು ಮುಂದಕ್ಕೆ ಸರಿಯುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಅದರ ಹಿಂದೆ ಹೋದೆ. ಅಣ್ಣಾಸಾಹೇಬರು ಬಗ್ಗಿ ಮೊದಲ ಸಾಲು ಓದಿದರು.

"ಡಿಯರ್ ಸರ್ ಅಂತ ಬರೀತಾರಲ್ಲೇನ್ರಿ? ಇಲ್ಲಿ ಫಿಯರ್ ಸರ್ ಅಂತ ಐತಿ. ಫಿಯರ್ ಅಂದ್ರ ಹೆದರಿಕಿ. ನನಗ ಹೆದರಸಾಕ ಬಂದೀರೇನು?"

"ಬಾಜೂ ಅಕ್ಷರಕ್ಕ ಬಳ್ಳ ಬಿತ್ರಿ," ಎಂದು ತಿದ್ದಲು ಜೋರಾಗಿ ಗುದ್ದಿದೆ. ಯಂತ್ರ ಮೇಜಿನ ಅಂಚಿನವರೆಗೆ ಹೋಗಿ, ಅರೆಕ್ಷಣ ಯೋಚಿಸಿ, ಕೆಳಗಿದ್ದ ತೌಡಿನ ರಾಶಿಯೊಳಗೆ ಇಳಿಯಿತು.

"ಅರೇ ಬಾಪ್ರೇ!" ಎಂದರು ಅಣ್ಣಾಸಾಹೇಬರು.

ಎತ್ತಿ ನೋಡಿದರೆ ಒಂದು ಅಕ್ಷರವೂ ಅಲುಗಲಿಲ್ಲ. ಅಂಗಡಿಯ ಯಂತ್ರ ಕೆಟ್ಟಿತ್ತು, ಆರ್ಡರು ಹುಬ್ಬಳ್ಳಿಯ ದಾರಿ ಹಿಡಿದಿತ್ತು. ಯಂತ್ರವನ್ನು ಜೋರಾಗಿ ಜಾಡಿಸತೊಡಗಿದೆ. ಆಗ ಚಹಾ ತಂದವರು ಅವರ ಸೊಸೆ ಸುನಂದಾ. ತೌಡು ಮೆತ್ತಿದ ಯಂತ್ರವನ್ನು ಕಂಡು ಕಪ್ಪುಗಳನ್ನು ಕೆಳಗಿಟ್ಟು, "ಕಾಕಾ, ಅದನ್ನ ಹಂಗ ಜಾಡಸಬ್ಯಾಡ್ರಿ, ಒಳಗ ಹೋಗತೈತಿ. ಒಂಚೂರು ಕೊಡ್ರಿ," ಎಂದರು.

ಯಂತ್ರವನ್ನು ಬೋರಲು ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ ತಂದು, ಒಂದೊಂದೇ ಅಕ್ಷರವನ್ನು ತಿಕ್ಕಿದರು. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿದರು. ಯಂತ್ರ ಬಂಡೆಯಂತೆ ಕುಳಿತಿತು.

"ಏನ ಬರೀಬೇಕು, ಹೇಳ್ರಿ ಕಾಕಾ."

ನಾನು ಹೇಳಿದೆ. ಅವರು ಅಕ್ಷರಗಳ ಕಡೆ ನೋಡಲೇ ಇಲ್ಲ; ಕಿಟಕಿಯ ಕಡೆ ನೋಡುತ್ತ ಹೊಡೆದರು. ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ದರಪಟ್ಟಿ ಮುಗಿದಿತ್ತು. ಒಂದೂ ತಪ್ಪಿಲ್ಲ.

"ಬೆಳಗಾವಿಯಾಗ ಕಾಲೇಜ್ ಕಲಿಯೂಮುಂದ ಸೀನಿಯರ್ ಪಾಸ್ ಮಾಡಿದ್ದೆರಿ. ಮದಿವ್ಯಾಗಿ ನಾಕ ವರ್ಷ ಆತು, ಕೈ ಭಾಳ ಮಂದ ಆಗೈತಿ," ಎಂದು ಬೆರಳುಗಳನ್ನು ಚಾಚಿ ನೋಡಿಕೊಂಡರು.

ಅಣ್ಣಾಸಾಹೇಬರು ಬೆರಗಾಗಿ ನಿಂತಿದ್ದರು. "ನಾಕ ವರ್ಷ ಇದೇ ಮನ್ಯಾಗ ಅದಿ, ಒಂದ ದಿನಾನೂ ಹೇಳ್ಲಿಲ್ಲಲ್ಲ ಬಾಳಾ, ಮಗಳ!"

"ನೀವು ಕೇಳ್ಲಿಲ್ರಿ, ಮಾವಾರ."

ಅಣ್ಣಾಸಾಹೇಬರು ಪೆನ್ನು ತೆಗೆದು ಆರ್ಡರಿಗೆ ಸಹಿ ಹಾಕಿದರು. ಸೊಸೆ ಟೈಪ್ ಮಾಡಿದ ಕಾಗದವನ್ನು ಬೇಡ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ ಎಂದು ನನ್ನ ಅಂದಾಜು. ಅದೇ ಬಿಸಿಯಲ್ಲಿ ನಾನು ವರದಿಯನ್ನೂ ಸುನಂದಾ ಅವರಿಂದಲೇ ಟೈಪ್ ಮಾಡಿಸಿಕೊಂಡೆ. ಗೋಣಿಚೀಲ, ಬ್ರಶ್, ಧೂಳಿಗೊಂದು ಬಟ್ಟೆಯ ಮುಸುಕು, ಇವೆಲ್ಲ ಅವರ ಸಲಹೆಗಳು. 'ನನ್ನ ದೀರ್ಘ ಅನುಭವದ ಆಧಾರದ ಮೇಲೆ' ಎಂಬ ಮಾತು ಮಾತ್ರ ನನ್ನದು.

ಬುಧವಾರ ಮಾಲಕರು ವರದಿಯನ್ನು ಎರಡು ಸಲ ಓದಿದರು.

"ಭಾರೀ ಬರದೀರಿ ಬಸವಂತಪ್ಪ! ಟೈಪಿಂಗೂ ಚೊಕ್ಕ ಐತಿ."

"ರೂಢಿ ಐತ್ರಿ ಸಾಹೇಬ್ರ," ಎಂದೆ.

"ಹೌದ? ಮತ್ತ ಕೆಳಗ ಎಡಕ್ಕ ಸಣ್ಣ ಅಕ್ಷರದಾಗ ಎಸ್. ಅಂತ ಐತಲ್ಲ, ಯಾರಿವರು?"

ನಾನು ಅದನ್ನು ಕಸವೆಂದು ತಿಳಿದಿದ್ದೆ. ಕಾಗದ ಟೈಪ್ ಮಾಡಿದವರು ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಹೊಡೆಯುವುದು ವಾಡಿಕೆಯಂತೆ; ಎಸ್ ಎಂದರೆ ಸುನಂದಾ. ಜೂನಿಯರ್ ಪಾಸಾದ ನನಗೆ ಅದು ಮರೆತೇ ಹೋಗಿತ್ತು! ಒಂದು ಲೋಟ ನೀರು ಕುಡಿದು, ಬಸ್ಸಿನಿಂದ ತೌಡಿನವರೆಗೆ ಎಲ್ಲವನ್ನೂ ಹೇಳಿದೆ. ಮಾಲಕರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು.

"ಯಂತ್ರ ಪಾಸಾತು. ಆ ತಂಗೀನೂ ಪಾಸಾದ್ಲು," ಎಂದರು. ಮೂರನೆಯವರ ಫಲಿತಾಂಶವನ್ನು ಅವರು ಪ್ರಕಟಿಸಲಿಲ್ಲ.

ನಾಲ್ಕು ಯಂತ್ರಗಳು ಬಂದವು. ಮೂರು ನನ್ನ ಜೊತೆಯವರಿಗೆ. ನಾಲ್ಕನೆಯದು ಖಾನಾಪುರಕ್ಕೆ. ಆ ಭಾಗದ ಪತ್ರವ್ಯವಹಾರವನ್ನೆಲ್ಲ ಸುನಂದಾ ಮನೆಯಿಂದಲೇ ನೋಡಿಕೊಳ್ಳಬೇಕು, ತಿಂಗಳ ಸಂಬಳ ಕಂಪನಿಯದು ಎಂದು ಮಾಲಕರು ಗೊತ್ತು ಮಾಡಿದರು. ಅಣ್ಣಾಸಾಹೇಬರು ಸೊಸೆಗಾಗಿ ಗಿರಣಿಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದರಂತೆ. ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯಲೆಂದು, ನೇಮಕದ ಪತ್ರವನ್ನು ನಾನೇ ಟೈಪ್ ಮಾಡುತ್ತೇನೆಂದು ಹಟ ಹಿಡಿದೆ. ಆಫೀಸಿನ ಯಂತ್ರದ ಮುಂದೆ ಇಡೀ ಮಧ್ಯಾಹ್ನ ಕುಳಿತು, ಒಂದೊಂದೇ ಅಕ್ಷರ ಹುಡುಕಿ ಹೊಡೆದು, ಟೈಪ್ ಮಾಡಿದವನು ನಾನೆಂದು ಮೂಲೆಯಲ್ಲಿ ನನ್ನ ಪೂರ್ತಿ ಹೆಸರನ್ನೂ ಸೇರಿಸಿ, ಅಂಚೆಗೆ ಹಾಕಿದೆ.

ಮೂರನೇ ದಿನ ಉತ್ತರ ಬಂತು. ಸುನಂದಾ ಸಂತೋಷದಿಂದ ಒಪ್ಪಿಕೊಂಡಿದ್ದರು. ಜೊತೆಗೆ ನನ್ನ ಪತ್ರವನ್ನು ಹೊಸದಾಗಿ ಟೈಪ್ ಮಾಡಿ, ಮಾಲಕರ ಸಹಿಗೆಂದು ಮರಳಿ ಕಳಿಸಿದ್ದರು. ಮೂಲ ಪ್ರತಿಯ ಹನ್ನೆರಡು ತಪ್ಪುಗಳಿಗೆ ಪೆನ್ಸಿಲಿನಿಂದ ಬಹಳ ಮೆತ್ತಗೆ ಗೆರೆ ಎಳೆದಿದ್ದರು. ಹನ್ನೆರಡನೆಯದು ನನ್ನ ಹೆಸರು!